ಮಗುವಿಗೆ ಯಾವ ವಿದೇಶಿ ಭಾಷೆ? ಮೊದಲು ಗಂಟೆಗಳ ಲೆಕ್ಕ ಹಾಕಿ

ಶಾಲೆಯಿಂದ ಬಂದ ನಮೂನೆಯಲ್ಲಿ ಒಂದೇ ಒಂದು ಸಾಲು ಖಾಲಿ ಉಳಿದಿರುತ್ತದೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳಲ್ಲಿ ಯಾವುದಾದರೊಂದಕ್ಕೆ ಗುರುತು ಹಾಕಿ ವಾರದೊಳಗೆ ಮರಳಿಸಬೇಕು. ಆ ವಾರದಲ್ಲಿ ತಂದೆತಾಯಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಯಾವ ಭಾಷೆಯನ್ನು ಹೆಚ್ಚು ಜನ ಆಡುತ್ತಾರೆ, ಯಾವುದನ್ನು ಕಲಿತರೆ ಮುಂದೆ ಕೆಲಸ ಸಿಗುತ್ತದೆ, ಯಾವುದರಲ್ಲಿ ಅಂಕ ಗಳಿಸುವುದು ಸುಲಭ. ಇವು ಕೇಳಬಾರದ ಪ್ರಶ್ನೆಗಳೇನಲ್ಲ. ಆದರೆ ಇವಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ, ಅದಕ್ಕೆ ಉತ್ತರ ಕಂಡುಕೊಳ್ಳಲು ಗುಣಾಕಾರ ಬಂದರೆ ಸಾಕು: ಈ ಭಾಷೆಯಲ್ಲಿ ಈ ಮಗುವಿಗೆ ಒಟ್ಟು ಎಷ್ಟು ಗಂಟೆ ಸಿಗುತ್ತದೆ?

ವಾರಕ್ಕೆ ಮೂರು ಪೀರಿಯಡ್, ಒಂದೊಂದೂ 40 ನಿಮಿಷ ಎಂದಿಟ್ಟುಕೊಳ್ಳೋಣ. ಅಲ್ಲಿಗೆ ವಾರಕ್ಕೆ ಎರಡು ಗಂಟೆಯಾಯಿತು. ರಜೆ, ಪರೀಕ್ಷೆ, ಆಟೋಟದ ದಿನಗಳನ್ನೆಲ್ಲ ಕಳೆದು ವರ್ಷದಲ್ಲಿ 35 ವಾರ ಪಾಠ ನಡೆದರೆ 70 ಗಂಟೆ. ನಡುವೆ ಬಿಡದೆ ಐದು ವರ್ಷ ಓದಿದರೆ 350 ಗಂಟೆ, ಎರಡೇ ವರ್ಷಕ್ಕೆ ಕೈಬಿಟ್ಟರೆ 140. ನಿಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಪೀರಿಯಡ್‌ಗಳು ಹೆಚ್ಚೋ ಕಡಿಮೆಯೋ ಇರಬಹುದು, ಆ ಅಂಕಿಗಳನ್ನೇ ಹಾಕಿ ಇದೇ ಲೆಕ್ಕವನ್ನು ಮತ್ತೊಮ್ಮೆ ಮಾಡಿ. ಬಂದ ಉತ್ತರವೇ ಮಗುವಿನ ಕೈಯಲ್ಲಿರುವ ಬಂಡವಾಳ.

ಈ ಬಂಡವಾಳಕ್ಕೆ ಏನು ಸಿಗುತ್ತದೆ ಎಂಬುದನ್ನು ಅಳೆಯಲು ಎರಡು ಅಳತೆಗೋಲುಗಳು ಬಳಕೆಯಲ್ಲಿವೆ. ಮೊದಲನೆಯದು ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಆರು ಹಂತಗಳ ಚೌಕಟ್ಟು. ಎ1, ಎ2 ಆರಂಭದ ಹಂತಗಳು, ಬಿ1, ಬಿ2 ಸ್ವತಂತ್ರವಾಗಿ ಭಾಷೆ ಬಳಸಬಲ್ಲವರ ಹಂತಗಳು, ಸಿ1, ಸಿ2 ಪ್ರೌಢಿಮೆಯ ಹಂತಗಳು. ಎ1 ಮುಟ್ಟಿದ ಮಗು ತನ್ನ ಹೆಸರು, ವಯಸ್ಸು, ಮನೆಯವರ ವಿಷಯ ಹೇಳುತ್ತದೆ, ಎದುರಿನವರು ನಿಧಾನವಾಗಿ ಕೇಳಿದರೆ ಉತ್ತರಿಸುತ್ತದೆ. ಬಿ1 ಮುಟ್ಟಿದ ಮಗು ನಿನ್ನೆ ನಡೆದದ್ದನ್ನು ಕಥೆಯಂತೆ ಹೇಳಬಲ್ಲದು, ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲದು, ಅಪರಿಚಿತ ಊರಿನಲ್ಲಿ ತಪ್ಪಿಸಿಕೊಂಡರೆ ದಾರಿ ಕೇಳಿಕೊಂಡು ಬರಬಲ್ಲದು. ಭಾಷೆ ಪರೀಕ್ಷೆಯ ವಿಷಯವಾಗಿರುವುದು ನಿಂತು ಕೈಗೆ ಬಂದ ಉಪಕರಣವಾಗುವುದು ಈ ಬಿ1ರ ಆಸುಪಾಸಿನಲ್ಲಿ. ಇಂಗ್ಲಿಷ್ ಕಲಿಯುವವರ ವಿಷಯದಲ್ಲಿ ಕೇಂಬ್ರಿಜ್‌ನ ಪರೀಕ್ಷಾ ಸಂಸ್ಥೆ ಕೊಡುವ ಅಂದಾಜಿನಂತೆ ಎ2 ಹಂತಕ್ಕೆ 180ರಿಂದ 200 ಗಂಟೆ, ಬಿ1 ಹಂತಕ್ಕೆ 350ರಿಂದ 400 ಗಂಟೆ ಪಾಠ ಬೇಕು. ಮೇಲಿನ ಗುಣಾಕಾರದಲ್ಲಿ ಬಂದ 350ನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಐದು ವರ್ಷ ಪೂರ್ತಿ ಓದಿದ ಮಗು ಹೊಸ್ತಿಲಿಗೆ ಬಂದು ನಿಲ್ಲುತ್ತದೆ, ಎರಡು ವರ್ಷಕ್ಕೆ ಬಿಟ್ಟ ಮಗು ಅಂಗಳದಿಂದಲೇ ಹಿಂದಿರುಗುತ್ತದೆ.

ಎರಡನೆಯ ಅಳತೆಗೋಲು ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನದು. ಇಂಗ್ಲಿಷ್ ಮಾತೃಭಾಷೆಯವರು ವೃತ್ತಿಗೆ ಸಾಲುವಷ್ಟು ಭಾಷೆ ಕಲಿಯಲು ಎಷ್ಟು ತರಗತಿ ಗಂಟೆ ಬೇಕಾಯಿತೆಂದು ಅವರು ದಶಕಗಳಿಂದ ಗಮನಿಸುತ್ತ ಬಂದಿದ್ದಾರೆ. ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್‌ಗಳಿಗೆ ಸುಮಾರು 600ರಿಂದ 750 ಗಂಟೆ, ಜರ್ಮನ್‌ಗೆ ಸುಮಾರು 900, ರಷ್ಯನ್‌ಗೆ ಸುಮಾರು 1100, ಅರೇಬಿಕ್, ಚೀನೀ, ಜಪಾನೀ, ಕೊರಿಯನ್‌ಗಳಿಗೆ ಸುಮಾರು 2200. ಹಿಂದಿ, ತಮಿಳು, ತೆಲುಗು ಈ ಪಟ್ಟಿಯಲ್ಲಿ ರಷ್ಯನ್ ಜೊತೆಗೆ ಕೂತಿವೆ ಎಂಬುದು ನಮಗೆ ತುಸು ನಗು ತರಿಸುವ ಸಂಗತಿ, ಆದರೆ ಪಟ್ಟಿಯನ್ನು ಹೇಗೆ ಓದಬೇಕೆಂಬ ಸುಳಿವೂ ಅದರಲ್ಲೇ ಇದೆ. ಆ ಮಾತಿಗೆ ಬರುತ್ತೇನೆ. ಸದ್ಯಕ್ಕೆ ಗಮನಿಸಬೇಕಾದದ್ದು ಇಷ್ಟು: ದಿನವಿಡೀ ಅದೇ ಕೆಲಸ ಮಾಡುವ, ಸಂಬಳ ಪಡೆದು ಕಲಿಯುವ ದೊಡ್ಡವರಿಗೇ 2200 ಗಂಟೆ ಹಿಡಿಯುವ ದಾರಿಯಲ್ಲಿ 350 ಗಂಟೆ ಎಂದರೆ ಆರನೆಯ ಒಂದು ಭಾಗಕ್ಕಿಂತ ಕಡಿಮೆ, ಸ್ಪ್ಯಾನಿಷ್‌ನಲ್ಲಾದರೆ ಅದು ಅರ್ಧದ ಹತ್ತಿರ ಹತ್ತಿರ.

ಗಂಟೆಗಳ ಒಳಗೇನಿದೆ ಎಂಬುದನ್ನೂ ಒಮ್ಮೆ ಇಣುಕಿ ನೋಡಬೇಕು. ತರಗತಿಯಲ್ಲಿ 30 ಮಕ್ಕಳಿದ್ದು, 40 ನಿಮಿಷದ ಪೀರಿಯಡ್‌ನಲ್ಲಿ ಶಿಕ್ಷಕರು 20 ನಿಮಿಷವನ್ನು ಮಕ್ಕಳ ಮಾತಿಗೇ ಮೀಸಲಿಟ್ಟರು ಎಂದುಕೊಳ್ಳಿ. ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು ಹೇಳಿದರೆ ಒಂದು ಮಗುವಿಗೆ 40 ಸೆಕೆಂಡು ಸಿಗುತ್ತದೆ. ವಾರಕ್ಕೆ ಎರಡು ನಿಮಿಷ, ವರ್ಷಕ್ಕೆ 70 ನಿಮಿಷ. ವೇಳಾಪಟ್ಟಿಯಲ್ಲಿ 70 ಗಂಟೆ ಎಂದು ಬರೆದಿರುವುದು ಮಗುವಿನ ಬಾಯಿಯ ಮಟ್ಟಿಗೆ 70 ನಿಮಿಷವಾಗಿ ಇಳಿದುಬಿಡುತ್ತದೆ. ಅದೇ 20 ನಿಮಿಷವನ್ನು ಮಕ್ಕಳು ಇಬ್ಬಿಬ್ಬರಾಗಿ ಕೂತು ಏಕಕಾಲಕ್ಕೆ ಮಾತಾಡುವಂತೆ ಮಾಡಿದರೆ ಪ್ರತಿ ಮಗುವಿಗೂ ಹತ್ತು ನಿಮಿಷ, ಅಂದರೆ ಹದಿನೈದು ಪಟ್ಟು. ತರಗತಿ ಸಂತೆಯಂತೆ ಗದ್ದಲವಾಗಿರುತ್ತದೆ, ಹೊರಗೆ ಹಾದುಹೋಗುವ ಮುಖ್ಯೋಪಾಧ್ಯಾಯರಿಗೆ ಹಿಡಿಸದೆಯೂ ಇರಬಹುದು, ಆದರೆ ಭಾಷೆ ಕಲಿಯುವ ಸದ್ದು ಅದೇ. ನಾನು ಶಾಲೆಯಲ್ಲಿ ಮೂರು ವರ್ಷ ಫ್ರೆಂಚ್ ಓದಿದ್ದು ನಿಶ್ಶಬ್ದವಾದ, ಶಿಸ್ತಿನ ತರಗತಿಯಲ್ಲಿ. ‘ಇರು’ ಎಂಬರ್ಥದ ಕ್ರಿಯಾಪದದ ಆರು ರೂಪಗಳನ್ನು, ಸುಯಿ, ಎ, ಎ, ಸೊಮ್, ಎತ್, ಸೋಂ ಎಂದು, ಇಂದಿಗೂ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಯಾರಾದರೂ ಆ ಭಾಷೆಯಲ್ಲಿ ಎದುರು ನಿಂತು ಮಾತಾಡಿಸಿದರೆ ಮಾತ್ರ ಬಾಯಿ ಕಟ್ಟುತ್ತದೆ.

ದೂರವನ್ನು ಎಲ್ಲಿಂದ ಅಳೆಯಬೇಕು?

ಅಮೆರಿಕದ ಆ ಪಟ್ಟಿ ಭಾಷೆಗಳ ಕಷ್ಟವನ್ನು ಅಳೆದದ್ದಲ್ಲ, ಇಂಗ್ಲಿಷ್‌ನಿಂದ ಅವುಗಳ ದೂರವನ್ನು ಅಳೆದದ್ದು. ಮನೆಯಲ್ಲಿ ಕನ್ನಡ ಆಡುವ ಮಗು ಹೊರಡುವುದು ಬೇರೆ ಜಾಗದಿಂದ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಾದರೆ ಅದಕ್ಕೆ ಹೊರಡಲು ಎರಡು ಜಾಗಗಳಿವೆ, ಯಾವ ಭಾಷೆಗೆ ಯಾವ ಬಾಗಿಲಿನಿಂದ ಹೋದರೆ ಹತ್ತಿರ ಎಂಬುದನ್ನು ಸಾಮಾನ್ಯವಾಗಿ ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ.

ಜಪಾನೀ ಭಾಷೆಯನ್ನೇ ತೆಗೆದುಕೊಳ್ಳಿ. ‘ನಿನ್ನೆ ಓದಿದ ಪುಸ್ತಕ’ ಎನ್ನಲು ಜಪಾನೀಯರು ‘ಕಿನೋ ಯೊಂದ ಹೊನ್’ ಎನ್ನುತ್ತಾರೆ. ಕಿನೋ ಎಂದರೆ ನಿನ್ನೆ, ಯೊಂದ ಎಂದರೆ ಓದಿದ, ಹೊನ್ ಎಂದರೆ ಪುಸ್ತಕ. ಪದಕ್ಕೆ ಪದ ಕೂಡುತ್ತದೆ, ಅನುಕ್ರಮವೂ ಅದೇ. ಇಂಗ್ಲಿಷ್ ಮಗು ಇದನ್ನು ತಲೆಕೆಳಗು ಮಾಡಿ ಕಲಿಯಬೇಕು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ ಎಂಬ ನಮ್ಮ ವಾಕ್ಯದ ಅಚ್ಚು, ನಾಮಪದದ ಹಿಂದೆ ಅಂಟಿಕೊಳ್ಳುವ ಪ್ರತ್ಯಯ, ‘ಎಂದು’ ಬಳಸಿ ಇನ್ನೊಬ್ಬರ ಮಾತನ್ನು ವಾಕ್ಯದೊಳಗೆ ತರುವ ಬಗೆ, ಇವೆಲ್ಲಕ್ಕೂ ಜಪಾನೀಯಲ್ಲಿ ಜೋಡಿಗಳಿವೆ. ನನಗೆ ಅತ್ಯಂತ ಸಂತೋಷ ಕೊಟ್ಟ ಜೋಡಿ ‘ತಿಂದು ನೋಡು’. ಇಲ್ಲಿ ಕಣ್ಣಿಗೇನೂ ಕೆಲಸವಿಲ್ಲ, ರುಚಿ ಪರೀಕ್ಷಿಸು ಎಂದರ್ಥ. ಜಪಾನೀಯರೂ ‘ತಬೆತೆ ಮಿರು’ ಎನ್ನುತ್ತಾರೆ, ತಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ಕೊರಿಯನ್ನರೂ ಹೀಗೆಯೇ ‘ನೋಡು’ವ ಕ್ರಿಯಾಪದವನ್ನೇ ಜೋಡಿಸುತ್ತಾರೆ. ಹ್ರಸ್ವ ದೀರ್ಘಗಳ ವ್ಯತ್ಯಾಸವೂ ನಮ್ಮ ಮಕ್ಕಳ ಕಿವಿಗೆ ಹೊಸತಲ್ಲ. ‘ಒಬಸಾನ್’ ಎಂದರೆ ಚಿಕ್ಕಮ್ಮ ಅಥವಾ ಅತ್ತೆ, ‘ಒಬಾಸಾನ್’ ಎಂದರೆ ಅಜ್ಜಿ. ಬಲ, ಬಾಲ ಎಂಬೆರಡನ್ನು ಬೇರೆ ಬೇರೆಯಾಗಿ ಕೇಳಿಸಿಕೊಳ್ಳುವ ಮಗು ಇಲ್ಲಿ ಎಡವುವುದಿಲ್ಲ.

ಅಷ್ಟೇ ಏಕೆ, ಜಪಾನೀ ಮಕ್ಕಳು ಬಾಯಿಪಾಠ ಮಾಡುವ ಅಕ್ಷರಮಾಲೆಯ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ, ಒಂದೊಂದು ಸಾಲಿನೊಳಗೂ ಕ, ಕಿ, ಕು, ಕೆ, ಕೊ ಎಂಬ ಕಾಗುಣಿತವಿದೆ. ಇದು ಕಾಕತಾಳೀಯವಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳನ್ನು ಓದಲು ಕಲಿತ ಸಿದ್ಧಂ ಲಿಪಿಯ ವರ್ಣಕ್ರಮದ ನೆರಳು ಅಲ್ಲಿ ಬಿದ್ದಿದೆ. ಹಾಗಾದರೆ ಜಪಾನೀ ಸುಲಭವೇ? ಮಾತಿನ ಮಟ್ಟಿಗೆ, ಪಟ್ಟಿ ಹೇಳುವುದಕ್ಕಿಂತ ಬಹಳ ಹತ್ತಿರ. ಬರಹದ ಮಟ್ಟಿಗೆ ದೂರ ಎಳ್ಳಷ್ಟೂ ತಗ್ಗುವುದಿಲ್ಲ. ತಲಾ 46 ಮೂಲಾಕ್ಷರಗಳ ಎರಡು ಲಿಪಿಗಳಾದ ಮೇಲೆ ಕಾಂಜಿ ಎಂಬ ಚಿತ್ರಾಕ್ಷರಗಳು ಬರುತ್ತವೆ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲೇ 1026 ಕಾಂಜಿಗಳನ್ನು ಕಲಿಸುತ್ತಾರೆ, ದಿನಬಳಕೆಯ ಅಧಿಕೃತ ಪಟ್ಟಿಯಲ್ಲಿ 2136 ಇವೆ. ಅಲ್ಲಿನ ಮಕ್ಕಳು ಆ 1026ನ್ನೇ ಆರು ವರ್ಷ, ದಿನವೂ, ಎಲ್ಲ ವಿಷಯಗಳ ಪಾಠಗಳ ನಡುವೆ ಕಲಿಯುತ್ತಾರೆ ಎಂಬುದನ್ನು ವಾರಕ್ಕೆ ಮೂರು ಪೀರಿಯಡ್‌ನವರು ನೆನಪಿಡಬೇಕು. ಕೊರಿಯನ್‌ಗೆ ಈ ಹೊರೆಯಿಲ್ಲ. 15ನೆಯ ಶತಮಾನದಲ್ಲಿ ಸೆಜೊಂಗ್ ದೊರೆ ರೂಪಿಸಿಕೊಟ್ಟ ಹಂಗುಲ್ ಲಿಪಿಯಲ್ಲಿ ಇರುವುದು 24 ಮೂಲಾಕ್ಷರಗಳು, ಅವನ್ನು ಉಚ್ಚಾರದ ಒಂದೊಂದು ತುಣುಕಿಗೆ ಒಂದೊಂದು ಗುಂಪಾಗಿ ಜೋಡಿಸುವ ಕ್ರಮ ಒತ್ತಕ್ಷರ ಬರೆದು ಪಳಗಿದ ಕೈಗೆ ಬೇಗ ಹಿಡಿಯುತ್ತದೆ.

ಸ್ಪ್ಯಾನಿಷ್‌ನಲ್ಲಿ ‘ನನಗೆ ಪುಸ್ತಕ ಇಷ್ಟ’ ಎನ್ನಲು ‘ಮೆ ಗುಸ್ತಾ ಎಲ್ ಲಿಬ್ರೊ’ ಎನ್ನುತ್ತಾರೆ. ಮೆ ಎಂಬುದು ‘ನನಗೆ’. ಇಷ್ಟಪಡುವ ‘ನಾನು’ ಇಲ್ಲಿ ಕರ್ತೃವಲ್ಲ, ಚತುರ್ಥಿಯಲ್ಲಿ ನಿಂತವನು, ಕನ್ನಡದಲ್ಲಿ ಇದ್ದಂತೆಯೇ. ಜರ್ಮನ್ನರಿಗೂ ಚಳಿಯಾಗುವುದು ಹೀಗೆಯೇ: ‘ಮಿರ್ ಇಸ್ಟ್ ಕಾಲ್ಟ್’, ನನಗೆ ಚಳಿ. ಇಂಗ್ಲಿಷ್ ಮೂಲಕ ಹೋಗುವ ವಿದ್ಯಾರ್ಥಿ ಇಂತಹ ವಾಕ್ಯಗಳಲ್ಲಿ ವರ್ಷಗಟ್ಟಲೆ ತಪ್ಪು ಮಾಡುತ್ತಾನೆ. ಕನ್ನಡದ ಮಗುವಿಗೆ ‘ನಿನ್ನ ಮನೆಮಾತಿನಂತೆ ಯೋಚಿಸು’ ಎಂದು ಒಂದು ಮಾತು ಹೇಳಿದರೆ ಪಾಠ ಮುಗಿಯುತ್ತದೆ, ಆದರೆ ಪಠ್ಯಪುಸ್ತಕ ಇಂಗ್ಲಿಷ್‌ನಲ್ಲಿರುವುದರಿಂದ ಆ ಮಾತು ಹೇಳುವವರಿಲ್ಲ. ಮನೆಯವರು ಹೇಳಬಹುದು, ಅದಕ್ಕೆ ಸ್ಪ್ಯಾನಿಷ್ ಬರಬೇಕೆಂದೇನೂ ಇಲ್ಲ. ಹಾಗೆಯೇ ನೀನು, ನೀವು ಎಂಬ ಭೇದ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮೂರರಲ್ಲೂ ಇದೆ. ಯಾರಿಗೆ ಯಾವುದು ಎಂಬ ನಾಜೂಕು ನಮ್ಮ ಮಕ್ಕಳಿಗೆ ಶಾಲೆಗೆ ಬರುವ ಮೊದಲೇ ಗೊತ್ತಿರುತ್ತದೆ.

ಎಡವುವುದು ಲಿಂಗದಲ್ಲಿ. ಕನ್ನಡ ಮನುಷ್ಯರನ್ನು ಬಿಟ್ಟು ಉಳಿದೆಲ್ಲವನ್ನೂ ನಪುಂಸಕ ಮಾಡಿ ನಿಶ್ಚಿಂತವಾಗಿದೆ. ಫ್ರೆಂಚರಿಗೆ ಮೇಜು ಸ್ತ್ರೀ, ಪುಸ್ತಕ ಪುರುಷ. ಜರ್ಮನ್ನರು ಇನ್ನೂ ಮುಂದೆ ಹೋಗಿ, ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ಪದವನ್ನೇ ನಪುಂಸಕಲಿಂಗದಲ್ಲಿಟ್ಟಿದ್ದಾರೆ. ಇದಕ್ಕೆ ತರ್ಕ ಹುಡುಕಿದರೆ ಸಿಗುವುದು ಅಷ್ಟಿಷ್ಟು ಮಾತ್ರ, ಪ್ರತಿ ನಾಮಪದದ ಜೊತೆ ಅದರ ಲಿಂಗವನ್ನೂ ಸೇರಿಸಿಯೇ ಬಾಯಿಪಾಠ ಮಾಡಬೇಕು. ಜರ್ಮನ್‌ನ ನಾಲ್ಕು ವಿಭಕ್ತಿ, ರಷ್ಯನ್‌ನ ಆರು ವಿಭಕ್ತಿ ಎಂದರೆ ವಿಭಕ್ತಿ ಪ್ರತ್ಯಯಗಳ ಪಟ್ಟಿ ಹೇಳಿ ಬೆಳೆದ ಮಗು ಹೆದರಬೇಕಾಗಿಲ್ಲ. ಆದರೆ ಅಲ್ಲಿ ವಿಭಕ್ತಿಯ ರೂಪವೂ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ, ಅಲ್ಲಿಗೆ ನಮ್ಮ ಅನುಕೂಲ ಮುಗಿಯಿತು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸ್ಪ್ಯಾನಿಷ್ ಬರೆದಂತೆ ಓದುವ ಭಾಷೆ. ಓದಿನಲ್ಲಿ ತೊಡಕಿರುವ ಮಕ್ಕಳಿಗೆ, ಡಿಸ್ಲೆಕ್ಸಿಯಾ ಇರುವವರಿಗೆ, ಇದು ಸಣ್ಣ ಮಾತಲ್ಲ. ಅಕ್ಷರಕ್ಕೂ ಉಚ್ಚಾರಕ್ಕೂ ನೇರ ನಂಟಿರುವ ಭಾಷೆಗಳಲ್ಲಿ ಮಕ್ಕಳು ಓದನ್ನು ಬೇಗ ಹಿಡಿಯುತ್ತಾರೆ, ಇಂಗ್ಲಿಷ್‌ನಂಥ ಅಡ್ಡಾದಿಡ್ಡಿ ಕಾಗುಣಿತದಲ್ಲಿ ತಡವಾಗುತ್ತದೆ ಎಂಬುದು ಹಲವು ಯುರೋಪಿಯನ್ ಭಾಷೆಗಳನ್ನು ಹೋಲಿಸಿದ ಸಂಶೋಧನೆಗಳಲ್ಲಿ ಕಂಡುಬಂದಿದೆ. ಫ್ರೆಂಚ್‌ನಲ್ಲಿ ‘ವೆರ್’ ಎಂಬ ಒಂದೇ ಉಚ್ಚಾರಕ್ಕೆ ಹುಳು, ಗಾಜು, ಹಸಿರು, ‘ಕಡೆಗೆ’ ಎಂಬ ಬೇರೆ ಬೇರೆ ಅರ್ಥಗಳೂ ಒಂದೊಂದಕ್ಕೆ ಒಂದೊಂದು ಕಾಗುಣಿತವೂ ಇವೆ. 97 ಎನ್ನಲು ನಾಲ್ಕು ಇಪ್ಪತ್ತು, ಹತ್ತು, ಏಳು ಎಂದು ಕೂಡಿಸಿ ಹೇಳಬೇಕು. ಚೀನೀ ಭಾಷೆಯಲ್ಲಿ ಕ್ರಿಯಾಪದ ರೂಪ ಬದಲಿಸುವುದೇ ಇಲ್ಲ, ಲಿಂಗವಿಲ್ಲ, ಬಹುವಚನದ ರಗಳೆಯೂ ಹೆಚ್ಚಿಲ್ಲ. ಬದಲಿಗೆ ‘ಮಾ’ ಎಂಬುದನ್ನು ನಾಲ್ಕು ಸ್ವರದಲ್ಲಿ ಎತ್ತಿ ಇಳಿಸಿದರೆ ತಾಯಿ, ಸೆಣಬು, ಕುದುರೆ, ಬೈಗುಳ ಎಂದು ಅರ್ಥ ಹೊರಳುತ್ತದೆ. ಚೀನಾ ಸರ್ಕಾರದ ಪಟ್ಟಿಯಲ್ಲಿ ಮೊದಲ ದರ್ಜೆಯ ಬಳಕೆಯ ಅಕ್ಷರಗಳೇ 3500. ಅರೇಬಿಕ್ ಆಯ್ದುಕೊಳ್ಳುವವರು ಒಂದು ವಿಷಯವನ್ನು ಶಾಲೆಯಲ್ಲಿ ಕೇಳಿ ತಿಳಿಯಲೇಬೇಕು: ಕಲಿಸುವುದು ಪತ್ರಿಕೆ ಮತ್ತು ಪುಸ್ತಕಗಳ ಶಿಷ್ಟ ಅರೇಬಿಕ್ಕೋ, ಯಾವುದಾದರೊಂದು ದೇಶದ ಆಡುಮಾತೋ? ಎರಡರ ನಡುವಿನ ಅಂತರ ನಮ್ಮ ಗ್ರಂಥಭಾಷೆಗೂ ಆಡುಭಾಷೆಗೂ ಇರುವುದಕ್ಕಿಂತ ಬಹಳ ಹೆಚ್ಚು, ಮೊದಲನೆಯದನ್ನು ಮಾತ್ರ ಕಲಿತವರಿಗೆ ಬೀದಿಯ ಮಾತು ಅರ್ಥವಾಗುವುದಿಲ್ಲ.

ಎಷ್ಟು ಬೇಗ ಶುರು ಮಾಡಬೇಕು?

‘ಮಕ್ಕಳು ಸ್ಪಂಜಿನಂತೆ ಭಾಷೆ ಹೀರಿಕೊಳ್ಳುತ್ತಾರೆ, ಹಾಗಾಗಿ ಒಂದನೇ ತರಗತಿಯಿಂದಲೇ ಶುರುವಾಗಲಿ’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಇದು ಅರ್ಧ ನಿಜ. 1967ರಲ್ಲಿ ಭಾಷಾವಿಜ್ಞಾನಿ ಎರಿಕ್ ಲೆನ್ನೆಬರ್ಗ್ ಭಾಷಾಕಲಿಕೆಗೆ ಒಂದು ನಿರ್ಣಾಯಕ ಅವಧಿ, ಅಂದರೆ ದಾಟಿದರೆ ಭಾಷೆ ಸಹಜವಾಗಿ ಹತ್ತದ ವಯಸ್ಸು, ಇದೆ ಎಂದು ವಾದಿಸಿದಾಗ ಅವರ ಕಣ್ಣ ಮುಂದಿದ್ದದ್ದು ಮುಖ್ಯವಾಗಿ ಮಾತೃಭಾಷೆಯ ಕಲಿಕೆ. ಸುತ್ತಲೂ ಆ ಭಾಷೆಯೇ ತುಂಬಿರುವ ಊರಿಗೆ ವಲಸೆ ಹೋದ ಎಳೆಯ ಮಗು ಕೆಲವೇ ವರ್ಷಗಳಲ್ಲಿ ಅಲ್ಲಿಯವರಂತೆಯೇ ಮಾತಾಡುತ್ತದೆ ಎಂಬುದೂ ನಿಜ. ಆದರೆ ಆ ಮಗುವಿಗೆ ಸಿಗುವುದು ದಿನಕ್ಕೆ ಹತ್ತು ಹನ್ನೆರಡು ಗಂಟೆ, ನಮ್ಮ ಮಗುವಿಗೆ ಸಿಗುವುದು ವಾರಕ್ಕೆ ಎರಡು. ಎಳೆಯ ಮಕ್ಕಳ ಕಲಿಕೆ ಅರಿವಿಲ್ಲದೆ, ಕೇಳಿ ಕೇಳಿ ಆಗುವಂಥದ್ದು, ಅದಕ್ಕೆ ರಾಶಿ ರಾಶಿ ಮಾತು ಬೇಕು. ಹತ್ತು ಹನ್ನೊಂದು ವಯಸ್ಸು ದಾಟಿದವರು ನಿಯಮವನ್ನು ಹೇಳಿದರೆ ಗ್ರಹಿಸುತ್ತಾರೆ, ಓದಿ ಬರೆದು ನೆನಪಿಟ್ಟುಕೊಳ್ಳುತ್ತಾರೆ, ಆದ್ದರಿಂದ ಕಡಿಮೆ ಗಂಟೆಗಳಲ್ಲಿ ಹೆಚ್ಚು ದೂರ ಹೋಗುತ್ತಾರೆ.

ಇದು ಬರಿಯ ತರ್ಕವಲ್ಲ. ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಅವರ ನೇತೃತ್ವದ ತಂಡ ಎಂಟನೇ ವಯಸ್ಸಿಗೆ ಇಂಗ್ಲಿಷ್ ಆರಂಭಿಸಿದ ಮಕ್ಕಳನ್ನೂ ಹನ್ನೊಂದಕ್ಕೆ ಆರಂಭಿಸಿದವರನ್ನೂ ಸಮಾನ ಗಂಟೆಗಳ ಪಾಠವಾದ ಮೇಲೆ ಹೋಲಿಸಿತು. ತಡವಾಗಿ ಆರಂಭಿಸಿದವರೇ ಮುಂದಿದ್ದರು. 2018ರಲ್ಲಿ ಪ್ರಕಟವಾದ, ಸುಮಾರು 6.7 ಲಕ್ಷ ಜನ ಆನ್‌ಲೈನ್‌ನಲ್ಲಿ ಉತ್ತರಿಸಿದ ಇಂಗ್ಲಿಷ್ ವ್ಯಾಕರಣ ಪರೀಕ್ಷೆಯ ಅಧ್ಯಯನವು, ವ್ಯಾಕರಣ ಕಲಿಯುವ ಸಾಮರ್ಥ್ಯ 17 ವರ್ಷದ ಆಸುಪಾಸಿನವರೆಗೂ ಕುಗ್ಗದೆ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಬಂದಿತು. ಮಾತೃಭಾಷಿಕರ ಮಟ್ಟಕ್ಕೇ ಏರಬೇಕೆಂದರೆ ಹತ್ತು ಹನ್ನೆರಡರೊಳಗೆ ಆರಂಭಿಸುವುದು ಒಳಿತು ಎಂದೂ ಅದೇ ಅಧ್ಯಯನ ಹೇಳುತ್ತದೆ, ಏಕೆಂದರೆ ಅಷ್ಟು ಎತ್ತರಕ್ಕೆ ಏರಲು ವರ್ಷಗಳು ಬೇಕು. ಆದ್ದರಿಂದ ಮಗು ಐದನೇ ಅಥವಾ ಆರನೇ ತರಗತಿಯಲ್ಲಿ ಆರಂಭಿಸಿದರೆ ಬಸ್ಸು ತಪ್ಪಿತು ಎಂದುಕೊಳ್ಳಬೇಕಾಗಿಲ್ಲ. ಬೇಗ ಆರಂಭಿಸಿದವರಿಗೆ ಸಿಗಬಹುದಾದ ಲಾಭ ಉಚ್ಚಾರದಲ್ಲಿ ಮತ್ತು ಸಂಕೋಚವಿಲ್ಲದ ಬಾಯಲ್ಲಿ. ಅದು ಕೂಡ ಕಲಿಸುವವರ ಉಚ್ಚಾರ ಚೆನ್ನಾಗಿದ್ದರೆ ಮಾತ್ರ, ಏಕೆಂದರೆ ಎಳೆಯ ಮಗು ಎದುರಿಗಿರುವವರ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಲಿಯುತ್ತದೆ.

ಇದರ ಪಕ್ಕದಲ್ಲೇ ಇರುವ ಇನ್ನೊಂದು ಭಯ, ಇಷ್ಟೊಂದು ಭಾಷೆಗಳು ಒಟ್ಟಿಗೆ ಬಂದರೆ ಮಗುವಿನ ತಲೆ ಗೊಂದಲವಾಗದೇ ಎಂಬುದು. ಕೆನಡಾದ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಪಾಠಗಳನ್ನು ಫ್ರೆಂಚ್‌ನಲ್ಲಿ ನಡೆಸುವ ಪ್ರಯೋಗ ಆರಂಭವಾಯಿತು. ವರ್ಷಗಳ ಕಾಲ ಗಮನಿಸಿದ ಸಂಶೋಧಕರಿಗೆ ಕಂಡದ್ದು, ಮಕ್ಕಳ ಫ್ರೆಂಚ್ ಬಹಳ ಮುಂದುವರಿದಿತ್ತು, ಇಂಗ್ಲಿಷ್ ಏನೂ ಹಿಂದೆ ಬೀಳಲಿಲ್ಲ. ಆ ಮಕ್ಕಳ ಮನೆಮಾತು ಗಟ್ಟಿಯಾಗಿತ್ತು, ಅದಕ್ಕೆ ಸಮಾಜದಲ್ಲಿ ಮರ್ಯಾದೆಯೂ ಇತ್ತು ಎಂಬುದನ್ನು ಮರೆಯಬಾರದು. ಮನೆಮಾತಿನಲ್ಲಿ ಓದುವ, ಕಥೆ ಹೇಳುವ, ವಾದಿಸುವ ಶಕ್ತಿ ಬೆಳೆದಿದ್ದರೆ ಅದೇ ಶಕ್ತಿ ಹೊಸ ಭಾಷೆಗೂ ಹರಿಯುತ್ತದೆ ಎಂದು ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಿಂದ ವಾದಿಸುತ್ತ ಬಂದಿದ್ದಾರೆ. ಕನ್ನಡವನ್ನು ತಡವರಿಸಿ ಓದುವ ಮಗುವಿನ ಸಮಸ್ಯೆಗೆ ವಿದೇಶಿ ಭಾಷೆ ಕಾರಣವೂ ಅಲ್ಲ, ಪರಿಹಾರವೂ ಅಲ್ಲ. ಅಂಥಲ್ಲಿ ಮನೆಯಲ್ಲಿ ರಾತ್ರಿ ಹತ್ತು ನಿಮಿಷ ಕನ್ನಡದ ಕಥೆ ಓದಿಸುವುದು ಎರಡೂ ಭಾಷೆಗಳಿಗೆ ಮಾಡಿದ ಉಪಕಾರ.

ಉಪಯೋಗದ ಮಾತು

ಕೆಲಸದ ದೃಷ್ಟಿಯಿಂದ ಆಯ್ದುಕೊಳ್ಳುವವರು ಹದಿನೈದು ವರ್ಷ ಮುಂದಿನ ಮಾರುಕಟ್ಟೆಯನ್ನು ಊಹಿಸುತ್ತಿದ್ದಾರೆ ಎಂಬುದು ನೆನಪಿರಲಿ. ಈ ಊಹೆಯ ಚರಿತ್ರೆ ಅಷ್ಟು ಚೆನ್ನಾಗಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಮರುವರ್ಷವೇ ಅಮೆರಿಕ ವಿದೇಶಿ ಭಾಷೆಗಳ ಕಲಿಕೆಗೆ ಹಣ ಸುರಿಯುವ ಕಾಯ್ದೆ ತಂದಿತು, ರಷ್ಯನ್ ತರಗತಿಗಳು ತುಂಬಿದವು. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಜಗತ್ತನ್ನೇ ಕೊಳ್ಳುತ್ತವೆ ಎನಿಸಿದಾಗ ಎಲ್ಲರ ಕಣ್ಣು ಜಪಾನೀ ಕಡೆ ತಿರುಗಿತು, ಅದಾದ ಮೇಲೆ ಚೀನೀ ಕಡೆ. ಪ್ರತಿ ಅಲೆಯಲ್ಲೂ ಭಾಷೆಯಿಂದ ಬದುಕು ಕಟ್ಟಿಕೊಂಡವರು ಇದ್ದಾರೆ, ಅವರೆಲ್ಲ ಅಲೆ ಇಳಿದ ಮೇಲೂ ಓದುತ್ತಲೇ ಇದ್ದವರು. ಎ2 ಮಟ್ಟದ ಯಾವ ಭಾಷೆಗೂ ಯಾವ ಉದ್ಯೋಗವೂ ಕಾದು ಕೂತಿಲ್ಲ.

ಆಡುವವರ ಸಂಖ್ಯೆಯೂ ಅಷ್ಟೆ. ಸ್ಪ್ಯಾನಿಷ್ 20 ದೇಶಗಳಲ್ಲಿ ಅಧಿಕೃತ ಭಾಷೆ, ಫ್ರೆಂಚ್ ಆಫ್ರಿಕಾದ ಹಲವು ದೇಶಗಳಲ್ಲಿ ಆಡಳಿತದ ಭಾಷೆ, ಜರ್ಮನ್ ಯುರೋಪಿನ ಆರು ದೇಶಗಳಲ್ಲಿ ಅಧಿಕೃತ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಜರ್ಮನ್ ಇಲ್ಲ, ಜಪಾನೀ ಇಲ್ಲ. ಆದರೆ ಮಗು ಮಾತಾಡುವುದು ಕೋಟಿ ಜನರ ಜೊತೆಗಲ್ಲ, ನಾಲ್ಕೈದು ಜನರ ಜೊತೆಗೆ. ಮನೆಯಲ್ಲಿ ಆ ಭಾಷೆ ಬಲ್ಲ ದೊಡ್ಡಪ್ಪನೋ ಅಕ್ಕನೋ ಇದ್ದರೆ, ಪಕ್ಕದ ಮನೆಯವರು ಆ ದೇಶದವರಾಗಿದ್ದರೆ, ಮಗು ಈಗಾಗಲೇ ಜಪಾನಿನ ಅನಿಮೇಯನ್ನೋ ಕೊರಿಯಾದ ಧಾರಾವಾಹಿಯನ್ನೋ ಸ್ಪೇನಿನ ಫುಟ್‌ಬಾಲನ್ನೋ ಹಚ್ಚಿಕೊಂಡಿದ್ದರೆ, ಅದು ಜನಸಂಖ್ಯೆಯ ಎಲ್ಲ ಅಂಕಿಗಳಿಗಿಂತ ಭಾರವಾದ ಕಾರಣ. ‘ಕಾರ್ಟೂನ್ ನೋಡುವ ಹುಚ್ಚಿಗೆ ಭಾಷೆ ಆರಿಸುವುದೇ’ ಎಂದು ಹಿರಿಯರು ಮೂಗು ಮುರಿಯುವುದುಂಟು. ಶಾಲೆ ಕೊಡುವ 70 ಗಂಟೆಯ ಮೇಲೆ ಆ ಹುಚ್ಚು ವರ್ಷಕ್ಕೆ ಇನ್ನೂರು ಗಂಟೆ ಕೇಳುವಿಕೆಯನ್ನು ಪುಕ್ಕಟೆಯಾಗಿ ಕೊಡುತ್ತದೆ. ಚಿತ್ರದ ಕೆಳಗೆ ಸಾಗುವ ಬರಹ ಆ ಭಾಷೆಯಲ್ಲೇ ಇರುವಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಶಾಲೆಯನ್ನು ಏನು ಕೇಳಬೇಕು?

ನಮೂನೆ ಮರಳಿಸುವ ಮೊದಲು ಶಾಲೆಯವರ ಬಳಿ ಅರ್ಧ ಗಂಟೆ ಕೂತು ಮಾತಾಡುವುದು ವಾಸಿ. ಈ ಭಾಷೆ ಎಷ್ಟನೇ ತರಗತಿಯವರೆಗೆ ಮುಂದುವರಿಯುತ್ತದೆ, ನಡುವೆ ನಿಂತುಹೋದ ಉದಾಹರಣೆ ಇದೆಯೇ? ಶಿಕ್ಷಕರು ಕಾಯಂ ಆಗಿ ಇರುವವರೋ, ವರ್ಷಕ್ಕೊಬ್ಬರು ಬದಲಾಗುವವರೋ? ಅವರು ಬಿಟ್ಟುಹೋದರೆ ಕಲಿಸಲು ಇನ್ನೊಬ್ಬರಿದ್ದಾರೆಯೇ? ಅವರ ಸ್ವಂತ ಮಟ್ಟ ಯಾವುದು, ಬಿ2 ಅಥವಾ ಅದಕ್ಕಿಂತ ಮೇಲಿನ ಪ್ರಮಾಣಪತ್ರ ಇದೆಯೇ? ಪರೀಕ್ಷೆಯಲ್ಲಿ ಕೇಳುವಿಕೆಗೂ ಮಾತಿಗೂ ಅಂಕಗಳಿವೆಯೇ, ಅಥವಾ ಬರೆದದ್ದಕ್ಕೆ ಮಾತ್ರವೇ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ತರಗತಿಯ ಇಡೀ ಚಿತ್ರವನ್ನು ಕೊಡುತ್ತದೆ, ಏಕೆಂದರೆ ಅಂಕವಿಲ್ಲದ್ದನ್ನು ಯಾವ ಶಾಲೆಯೂ ಬಹಳ ದಿನ ಕಲಿಸುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಳ್ಳೆಯ ಶಿಕ್ಷಕರಿರುವ ಜರ್ಮನ್‌ಗೂ ವರ್ಷಕ್ಕೊಬ್ಬರು ಬದಲಾಗುವ ಸ್ಪ್ಯಾನಿಷ್‌ಗೂ ನಡುವೆ ಆಯ್ಕೆ ಬಂದಾಗ ಗಂಟೆಗಳ ಪಟ್ಟಿಯನ್ನು ಬದಿಗಿಟ್ಟು ಜರ್ಮನ್ ಆರಿಸುತ್ತೇನೆ.

ಸಾಧ್ಯವಾದರೆ ಈಗಾಗಲೇ ಎರಡು ವರ್ಷ ಓದಿದ ಯಾವುದಾದರೂ ಮಗುವಿನ ನೋಟ್‌ಬುಕ್ ತೆರೆದು ನೋಡಿ. ಪುಟದ ಎಡಕ್ಕೆ ವಿದೇಶಿ ಪದ, ಬಲಕ್ಕೆ ಇಂಗ್ಲಿಷ್ ಅರ್ಥ, ಅದರ ಕೆಳಗೆ ಬಿಟ್ಟ ಸ್ಥಳ ತುಂಬಿರಿ, ಮತ್ತೆ ಪದಗಳ ಪಟ್ಟಿ, ಎಲ್ಲದಕ್ಕೂ ಕೆಂಪು ಶಾಯಿಯ ಸರಿ ಗುರುತು, ಹೀಗೆಯೇ ಕೊನೆಯ ಪುಟದವರೆಗೆ ಸಾಗಿದ್ದರೆ ಅಲ್ಲಿ ಭಾಷೆಯ ಬಗ್ಗೆ ಪಾಠ ನಡೆಯುತ್ತಿದೆ. ಮಗು ತಾನೇ ಕಟ್ಟಿದ ವಾಕ್ಯಗಳು, ತನ್ನ ನಾಯಿಯ ಬಗ್ಗೆ, ತನ್ನ ಜಗಳದ ಬಗ್ಗೆ, ತಪ್ಪುಗಳೊಂದಿಗೆ, ಶಿಕ್ಷಕರು ತಿದ್ದಿದ ಮೇಲೆ ಮತ್ತೊಮ್ಮೆ ಬರೆದದ್ದು ಕಾಣಿಸಿದರೆ ಭಾಷೆಯೇ ನಡೆಯುತ್ತಿದೆ. ತಪ್ಪೇ ಇಲ್ಲದ ನೋಟ್‌ಬುಕ್ ನನಗೆ ಅನುಮಾನ ಹುಟ್ಟಿಸುತ್ತದೆ.

ಆಯ್ಕೆ ಮಾಡಿದ ಮೇಲೆ ಬದಲಾಯಿಸಬಹುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಎರಡನೇ ವರ್ಷದ ನಡುವಿನಲ್ಲಿ ಏಳುತ್ತದೆ. ಹಾಡು, ಬಣ್ಣ, ಸಂಖ್ಯೆಗಳ ಉತ್ಸಾಹ ಮುಗಿದು ಕ್ರಿಯಾಪದಗಳ ಕೋಷ್ಟಕ ಶುರುವಾಗುವ ಕಾಲ ಅದು, ಯಾವ ಭಾಷೆ ಆರಿಸಿದ್ದರೂ ಆ ತಿಟ್ಟು ಬಂದೇ ಬರುತ್ತದೆ. ಮತ್ತೆ ಗುಣಾಕಾರಕ್ಕೆ ಹೋಗೋಣ. ಆರು ವರ್ಷದಲ್ಲಿ ಎರಡೆರಡು ವರ್ಷದಂತೆ ಮೂರು ಭಾಷೆ ಬದಲಿಸಿದ ಮಗುವಿಗೆ ಒಟ್ಟು 420 ಗಂಟೆಯಾಗುತ್ತದೆ, ಮೂರರಲ್ಲೂ ಎ1 ದಾಟಿ ಎ2 ಮುಟ್ಟುವಷ್ಟರಲ್ಲಿ ನಿಂತಿರುತ್ತದೆ. ಅದೇ 420 ಗಂಟೆಯನ್ನು ಒಂದೇ ಸ್ಪ್ಯಾನಿಷ್‌ಗೆ ಹಾಕಿದ ಮಗುವಿಗೆ ಬಿ1 ಕೈಗೆಟುಕುತ್ತದೆ. ಬಿಟ್ಟ ಭಾಷೆಯೂ ಹಾಗೇ ಉಳಿಯುವುದಿಲ್ಲ. ಕಲಿತದ್ದು ಮೊದಮೊದಲು ಅತಿ ವೇಗವಾಗಿ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಹಾಗೆಂದು ಶಿಕ್ಷಕರೇ ಇಲ್ಲದ ತರಗತಿಯಲ್ಲಿ, ಅಥವಾ ಮಗು ಪ್ರತಿ ಪೀರಿಯಡ್‌ಗೂ ಅಳುತ್ತ ಹೋಗುವ ಸ್ಥಿತಿಯಲ್ಲಿ, ಹಟ ಹಿಡಿದು ಮುಂದುವರಿಸುವುದು ಸಲ್ಲದು. ಬದಲಿಸುವುದಾದರೆ ಮೊದಲ ವರ್ಷದೊಳಗೆ ಬದಲಿಸಿದರೆ ನಷ್ಟ ಕಡಿಮೆ.

ಆ ನಿರ್ಧಾರಕ್ಕೆ ಅಂಕಪಟ್ಟಿಗಿಂತ ಒಂದು ಚಿತ್ರ ಹೆಚ್ಚು ಸಹಾಯ ಮಾಡುತ್ತದೆ. ಮಾರುಕಟ್ಟೆಯದೋ, ಅಡುಗೆಮನೆಯದೋ, ಬಹಳ ಜನ ಬಹಳ ಕೆಲಸ ಮಾಡುತ್ತಿರುವ ಯಾವುದಾದರೂ ಚಿತ್ರವನ್ನು ಮಗುವಿನ ಮುಂದಿಟ್ಟು, ಒಂದು ನಿಮಿಷ ಆ ಭಾಷೆಯಲ್ಲಿ ಏನು ತೋಚುತ್ತದೋ ಹೇಳು ಎನ್ನಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳಿ. ನಿಮಗೆ ಆ ಭಾಷೆ ಬಾರದಿದ್ದರೂ ಅಡ್ಡಿಯಿಲ್ಲ. ನಾಲ್ಕು ತಿಂಗಳು ಬಿಟ್ಟು ಅದೇ ಚಿತ್ರ, ಅದೇ ಒಂದು ನಿಮಿಷ. ಎರಡೂ ಧ್ವನಿಗಳನ್ನು ಒಂದಾದ ಮೇಲೊಂದು ಕೇಳಿದರೆ, ಮೊದಲ ಸಲ ಬಿಡಿಬಿಡಿಯಾಗಿ ಬಿದ್ದ ಪದಗಳು ಎರಡನೆಯ ಸಲ ಒಂದಕ್ಕೊಂದು ಕೈಹಿಡಿದು ಬರುತ್ತಿವೆಯೇ, ನಡುವಿನ ಮೌನ ಗಿಡ್ಡವಾಗಿದೆಯೇ ಎಂಬುದು ಅರ್ಥ ತಿಳಿಯದವರ ಕಿವಿಗೂ ಗೊತ್ತಾಗುತ್ತದೆ. ವ್ಯತ್ಯಾಸ ಏನೂ ಕಾಣದಿದ್ದರೆ ನಮೂನೆಯಲ್ಲಿ ಹಾಕಿದ ಗುರುತನ್ನು ಅಳಿಸುವ ಮೊದಲು, ಆ ನಾಲ್ಕು ತಿಂಗಳಲ್ಲಿ ನಿಜವಾಗಿ ಎಷ್ಟು ಪೀರಿಯಡ್ ನಡೆಯಿತು ಎಂದು ಮಗುವನ್ನೇ ಕೇಳಿ.